ಹತ್ತಿಗಾಗಿ ಎಳೆದ ಗಡಿ, ಕಾರವಾರದಲ್ಲಿ ಹುಟ್ಟಿದ ನಾಟಕ

‘ರವೀಂದ್ರನಾಥ ಟ್ಯಾಗೋರರು ನಾಟಕ ಬರೆದ ಕರ್ನಾಟಕದ ಊರು ಯಾವುದು?’ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೈಸ್ಕೂಲು ಮಕ್ಕಳಿಗೆ ಕೇಳಿದರೆ ಪ್ರಶ್ನೆ ಮುಗಿಯುವ ಮೊದಲೇ ‘ಕಾರವಾರ’ ಎನ್ನುತ್ತಾರೆ. ಆದರೆ ಕಲ್ಕತ್ತೆಯ ಶ್ರೀಮಂತರ ಮನೆಯ ಇಪ್ಪತ್ತೆರಡರ ಹುಡುಗ, ರೈಲೂ ಇಲ್ಲದ ಈ ಊರಿಗೆ 1883ರಲ್ಲಿ ಬಂದದ್ದಾದರೂ ಯಾಕೆ? ಗೈಡಿನಲ್ಲಿ ಅದಕ್ಕೆ ಜಾಗವಿಲ್ಲ. ಹಾಗೆ ನೋಡಿದರೆ ಆ ‘ಯಾಕೆ’ ಹಿಡಿದು ಹೊರಟರೆ ಅಮೆರಿಕದ ಯುದ್ಧ, ಲಂಕಾಶೈರಿನ ಗಿರಣಿ, ಧಾರವಾಡದ ಹತ್ತಿ, ಅಂಕೋಲೆಯ ಉಪ್ಪು, ಕೊನೆಗೆ ಶಿರಸಿಯವರ ಕರೆಂಟ್ ಬಿಲ್ಲಿನವರೆಗೂ ಹೋಗಬಹುದು.

ಮೊದಲು ಸುಲಭದ ಉತ್ತರ. ರವೀಂದ್ರರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಡ್ಜ್ ಆಗಿದ್ದರು. 1863ರಲ್ಲಿ ಐಸಿಎಸ್ (ಇಂಡಿಯನ್ ಸಿವಿಲ್ ಸರ್ವಿಸ್) ಪಾಸಾದ ಮೊದಲ ಭಾರತೀಯ ಅವರೇ. ಬಂಗಾಳದವರಾದರೂ ಅವರಿಗೆ ನೌಕರಿ ಸಿಕ್ಕಿದ್ದು ಮುಂಬಯಿ ಪ್ರಾಂತ್ಯದಲ್ಲಿ. ಅಹಮದಾಬಾದು, ಸೋಲಾಪುರ, ಸಾತಾರಾ ಎಂದು ಆ ಪ್ರಾಂತ್ಯದೊಳಗೆ ಎಲ್ಲಿ ಬೇಕಾದರೂ ವರ್ಗವಾಗಬಹುದಿತ್ತು, ಕಾರವಾರಕ್ಕೂ ಆಯಿತು. ಇಲ್ಲೇ ಒಂದು ತೊಡಕಿದೆ. ಇಪ್ಪತ್ತೆರಡು ವರ್ಷ ಹಿಂದಾಗಿದ್ದರೆ ಈ ವರ್ಗ ಸಾಧ್ಯವೇ ಇರಲಿಲ್ಲ, ಯಾಕೆಂದರೆ ಕಾರವಾರ ಆಗ ಮುಂಬಯಿಯದಲ್ಲ, ಮದರಾಸಿನದು.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಾಸರಗೋಡಿನ ಕಡೆಯಿಂದ ಕಾಳಿ ನದಿಯ ಆಚೆ ದಡದವರೆಗಿನ ಕರಾವಳಿಯನ್ನೆಲ್ಲ ಕಂಪನಿ ಸರ್ಕಾರ ‘ಕೆನರಾ’ ಎಂಬ ಒಂದೇ ಜಿಲ್ಲೆ ಮಾಡಿ ಮದರಾಸಿಗೆ ಸೇರಿಸಿತ್ತು. ಅದರ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಘಟ್ಟದ ಮೇಲೆ ಪೂರ್ವಕ್ಕಿರುವ ಧಾರವಾಡ ಮಾತ್ರ 1818ರಲ್ಲಿ ಪೇಶ್ವೆಯರ ಸೋಲಿನ ನಂತರ ಮುಂಬಯಿಯ ಪಾಲಾಯಿತು. ಅಂದರೆ ಹತ್ತಿ ಬೆಳೆಯುವ ಹೊಲ ಒಂದು ಪ್ರಾಂತ್ಯದಲ್ಲಿ, ಆ ಹತ್ತಿ ಹಡಗು ಹತ್ತುವ ಬಂದರು ಇನ್ನೊಂದರಲ್ಲಿ. ನಡುವೆ ಘಟ್ಟ. ಘಟ್ಟದ ರಸ್ತೆಗೆ ಮದರಾಸು ದುಡ್ಡು ಹಾಕಬೇಕು, ಲಾಭ ಮುಂಬಯಿಗೆ ಹೋಗುತ್ತದೆ. ಇಂಥ ಕಡೆ ರಸ್ತೆ ಹೇಗಿರುತ್ತದೆ ಎನ್ನುವುದನ್ನು ಎರಡು ಪಂಚಾಯ್ತಿಗಳ ಗಡಿಯಲ್ಲಿ ಮನೆಯಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದರೂ ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಮಚವೆ ಎಂಬ ಹಾಯಿದೋಣಿಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಇದ್ದ ಹೆಸರೇ ‘ಕುಮಟಾ’. ಕುಮಟೆಯಲ್ಲಿ ಒಂದು ಹತ್ತಿ ಗಿಡವನ್ನೂ ಬೆಳೆಯುವುದಿಲ್ಲ. ಅಲ್ಲಿ ಬೆಳೆಯುವುದು ಭತ್ತ, ತೆಂಗು. ಆದರೂ ಬೆಳೆಗೆ ಹೆಸರು ಕೊಟ್ಟದ್ದು ಅದನ್ನು ಹೊತ್ತ ಬಂದರು. ನಮ್ಮ ಜಿಲ್ಲೆಯ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಸಂಗತಿ ಇದು. ಯಾವ ಗೈಡಿನಲ್ಲೂ ನಾನಿದನ್ನು ಕಂಡಿಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಲಂಕಾಶೈರಿನ ಗಿರಣಿಗಳು ನಂಬಿಕೊಂಡಿದ್ದದ್ದೇ ಆ ದಕ್ಷಿಣದ ಹತ್ತಿಯನ್ನು. ಗಿರಣಿ ಮಾಲೀಕರ ಕಣ್ಣು ಭಾರತದ ಕಡೆ ಹೊರಳಿತು. ಭಾರತದಲ್ಲೂ ಧಾರವಾಡದ ಕಡೆ. ಅಲ್ಲಿಗೆ ಹತ್ತಿರದ ಒಳ್ಳೆಯ ನೈಸರ್ಗಿಕ ಬಂದರು ಯಾವುದು ಎಂದು ನಕಾಶೆ ಹರಡಿ ನೋಡಿದರೆ ಕಾರವಾರ. ಮೂರು ಕಡೆ ಗುಡ್ಡ, ಮುಂದೆ ಕೂರ್ಮಗಡದಂಥ ನಡುಗಡ್ಡೆಗಳು, ಮಳೆಗಾಲದ ಅಬ್ಬರಕ್ಕೆ ಬೈತಖೋಲದ ಮರೆ. ಕಾಳಿ ನದಿಯ ಆಚೆ ದಡದ ಸದಾಶಿವಗಡದ ಹೆಸರು ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳ ಬಾಯಲ್ಲೂ ಓಡಾಡತೊಡಗಿತು. ಬಂದರು, ಘಟ್ಟದ ರಸ್ತೆ, ಹತ್ತಿಯ ಹೊಲ ಮೂರೂ ಒಂದೇ ಸರ್ಕಾರದ ಕೈಯಲ್ಲಿರಲಿ ಎಂಬ ಒತ್ತಾಯ ಬಲವಾಯಿತು. ಅಷ್ಟರಲ್ಲಿ ಕೆನರಾ ಜಿಲ್ಲೆ ಉತ್ತರ, ದಕ್ಷಿಣ ಎಂದು ಎರಡಾಗಿತ್ತು. 1862ರಲ್ಲಿ ಉತ್ತರದ ಭಾಗವನ್ನು ಮದರಾಸಿನಿಂದ ಕಿತ್ತು ಮುಂಬಯಿಗೆ ಕೊಟ್ಟರು. ಕುಂದಾಪುರ ಮದರಾಸಿನಲ್ಲೇ ಉಳಿಯಿತು, ಭಟ್ಕಳ ಮುಂಬಯಿಗೆ ಬಂತು. ಕಾರವಾರ ಜಿಲ್ಲಾ ಕೇಂದ್ರವಾಯಿತು.

ಇಷ್ಟೆಲ್ಲ ಮಾಡಿ ಹತ್ತಿ ಬಂದರಿಗೆ ಬಂತೇ ಎಂದರೆ, ಅಂದುಕೊಂಡಷ್ಟು ಬರಲಿಲ್ಲ. ಅಮೆರಿಕದ ಯುದ್ಧ 1865ರಲ್ಲಿ ಮುಗಿದು ಹತ್ತಿಯ ಧಾರಣೆ ಕುಸಿಯಿತು. ಕಾರವಾರಕ್ಕೆ ರೈಲು ತರುವ ಮಾತು ಮಾತಾಗಿಯೇ ಉಳಿಯಿತು. 1880ರ ದಶಕದಲ್ಲಿ ಹುಬ್ಬಳ್ಳಿಯ ಕಡೆಯಿಂದ ಹೊರಟ ಹಳಿ ಕ್ಯಾಸಲ್‌ರಾಕ್ ಮೂಲಕ ಪೋರ್ಚುಗೀಸರ ಮರ್ಮಗೋವಾ ಬಂದರಿಗೆ ಇಳಿಯಿತು. ಕ್ಯಾಸಲ್‌ರಾಕ್ ಇರುವುದು ನಮ್ಮದೇ ಜೋಯಿಡಾ ತಾಲೂಕಿನಲ್ಲಿ. ಅಂದರೆ ರೈಲು ಜಿಲ್ಲೆಯ ಒಂದು ಮೂಲೆಯನ್ನು ಸವರಿಕೊಂಡು ಹೋಗಿ ಜಿಲ್ಲೆಯ ಬಂದರಿನ ವ್ಯಾಪಾರವನ್ನೇ ಗೋವೆಗೆ ಒಯ್ದಿತು. ಕಾರವಾರಕ್ಕೆ ರೈಲು ಬರಲು ಕೊಂಕಣ ರೈಲ್ವೆಯನ್ನೇ ಕಾಯಬೇಕಾಯಿತು. ಆ ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಹುಬ್ಬಳ್ಳಿ–ಅಂಕೋಲಾ ರೈಲಂತೂ ಇನ್ನೂ ಚುನಾವಣೆಯ ಭಾಷಣಗಳಲ್ಲೇ ಓಡುತ್ತಿದೆ.

ಹತ್ತಿ ಹೋಯಿತು, ಗಡಿ ಉಳಿಯಿತು. ಆ ಗಡಿಯೊಳಗೇ ಸತ್ಯೇಂದ್ರನಾಥರು ಜಡ್ಜ್ ಆಗಿ ಬಂದರು, ತಮ್ಮ ರವೀಂದ್ರ ಜೊತೆಗೆ ಬಂದ.

ರವೀಂದ್ರರು ಇಲ್ಲಿ ಬರೆದದ್ದು ‘ಪ್ರಕೃತಿರ್ ಪ್ರತಿಶೋಧ್’, ಎಂದರೆ ಪ್ರಕೃತಿಯ ಸೇಡು. ಎಲ್ಲ ಮಮತೆಯನ್ನೂ ಕಿತ್ತೆಸೆದು ಪ್ರಕೃತಿಯನ್ನು ಗೆದ್ದೆ ಎಂದುಕೊಂಡ ಸನ್ಯಾಸಿಯೊಬ್ಬನನ್ನು ದಿಕ್ಕಿಲ್ಲದ ಪುಟ್ಟ ಹುಡುಗಿಯೊಬ್ಬಳು ಮತ್ತೆ ಲೋಕಕ್ಕೆ ಎಳೆಯುತ್ತಾಳೆ. ಬೆದರಿದ ಸನ್ಯಾಸಿ ಅವಳನ್ನು ಬಿಟ್ಟು ಓಡುತ್ತಾನೆ. ಮನಸ್ಸು ತಿರುಗಿ ಬರುವಷ್ಟರಲ್ಲಿ ಅವಳಿಲ್ಲ. ತನ್ನ ಮುಂದಿನ ಬರವಣಿಗೆಗೆಲ್ಲ ಇದೇ ಪೀಠಿಕೆ ಎಂಬರ್ಥದ ಮಾತನ್ನು ರವೀಂದ್ರರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕೆಲವು ಗೈಡುಗಳು ಇದನ್ನು ಅವರ ‘ಮೊದಲ ನಾಟಕ’ ಎನ್ನುತ್ತವೆ. ಅದು ತಪ್ಪು. 1881ರಲ್ಲೇ ‘ವಾಲ್ಮೀಕಿ ಪ್ರತಿಭಾ’ ಬಂದು ರಂಗದ ಮೇಲೂ ಆಗಿತ್ತು. ಆ ನೆನಪುಗಳಲ್ಲಿ ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದು, ಗುಡ್ಡದ ಮೇಲಿನ ಹಳೆಯ ಕೋಟೆಯ ಹತ್ತಿರ ಇಳಿದದ್ದು, ರೈತನೊಬ್ಬನ ಗುಡಿಸಿಟ್ಟ ಅಂಗಳದಲ್ಲಿ ಕೂತು ಬುತ್ತಿ ಉಂಡದ್ದು ಎಲ್ಲ ಇದೆ. ತೀರದ ಗಾಳಿಮರಗಳ ಕಾಡನ್ನೂ ಅವರು ಮರೆತಿಲ್ಲ. ಆ ಮರಗಳೂ ಆಗ ಎಳೆಯವೇ. ಗಾಳಿಮರವನ್ನು 1860ರ ದಶಕದ ಕೊನೆಗೆ ಕಾರವಾರದ ಉಸುಕಿನಲ್ಲಿ ತಂದು ನೆಟ್ಟದ್ದು ಮುಂಬಯಿ ಸರ್ಕಾರದ ಅರಣ್ಯ ಇಲಾಖೆ. ರವೀಂದ್ರರಿಗೆ ಅದು ಪ್ರಕೃತಿ, ಇಲಾಖೆಗೆ ಪ್ಲಾಂಟೇಶನ್ನು.

ಮುಂಬಯಿ ಹಿಡಿತ ತೊಂಬತ್ತನಾಲ್ಕು ವರ್ಷ ನಡೆಯಿತು. 1956ರ ನವೆಂಬರ್ 1ಕ್ಕೆ ಮುಂಬಯಿಯ ಉತ್ತರ ಕನ್ನಡವೂ, ಕಾಸರಗೋಡು ಬಿಟ್ಟು ಮದರಾಸಿನ ದಕ್ಷಿಣ ಕನ್ನಡವೂ ಮೈಸೂರು ರಾಜ್ಯಕ್ಕೆ ಬಂದು ಒಂದಾದವು. ಕಾಗದದ ಮೇಲೆ ಗಡಿ ಅಳಿಸಿಹೋಯಿತು. ನಿಜಕ್ಕೂ ಅಳಿಸಿತೇ ಎಂದು ನೋಡಬೇಕಾದರೆ ಭಟ್ಕಳ ದಾಟಿ ಉಡುಪಿ ಜಿಲ್ಲೆಯ ಶಿರೂರಿಗೆ ಹೋಗಬೇಕು. ಈಚೆಗೆ ವಾಯವ್ಯ ಸಾರಿಗೆಯ ಬಸ್ಸು, ಅದರ ಕೇಂದ್ರ ಕಚೇರಿ ಹುಬ್ಬಳ್ಳಿ. ಆಚೆಗೆ ಕೆಎಸ್ಆರ್‌ಟಿಸಿ. ಕರೆಂಟ್ ಬಿಲ್ಲು ಈಚೆಗೆ ಹೆಸ್ಕಾಂನದು, ಆಚೆಗೆ ಮೆಸ್ಕಾಂನದು. ಕಾರವಾರದ ಕೋರ್ಟಿನ ಮೇಲ್ಮನವಿ ಧಾರವಾಡ ಪೀಠಕ್ಕೆ ಹೋಗುತ್ತದೆ, ಉಡುಪಿಯದ್ದು ಬೆಂಗಳೂರಿಗೆ. ಪದವಿ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯಕ್ಕೆ, ಅಂದರೆ ಮತ್ತೆ ಧಾರವಾಡಕ್ಕೆ. ಕಂದಾಯ ವಿಭಾಗ ಹೇಳುವುದಾದರೆ ಕರಾವಳಿಯ ಮೂರು ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ, ಉಡುಪಿ ಎರಡೂ ಮೈಸೂರು ವಿಭಾಗ. ಉತ್ತರ ಕನ್ನಡ ಒಂದೇ ಬೆಳಗಾವಿ ವಿಭಾಗ. 2021ರಲ್ಲಿ ಸರ್ಕಾರ ‘ಮುಂಬೈ ಕರ್ನಾಟಕ’ವನ್ನು ‘ಕಿತ್ತೂರು ಕರ್ನಾಟಕ’ ಎಂದು ಕರೆದಾಗ, ಕಡಲು ಕಾಣುವ ಕಾರವಾರವೂ ಕಿತ್ತೂರಿನವರ ಪಂಕ್ತಿಯಲ್ಲಿ ಕೂತಿತು. ಲೋಕಸಭೆಯ ಉತ್ತರ ಕನ್ನಡ ಕ್ಷೇತ್ರದೊಳಗೂ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಸೇರಿಕೊಂಡಿವೆ.

ಈ ಗಡಿ ಅತಿ ಆಳವಾಗಿ ಇಳಿದಿರುವುದು ಬಸ್ಸಿನಲ್ಲಲ್ಲ, ಪಹಣಿಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದವರಿಗೆ ‘ಬೆಟ್ಟ’ ಎಂಬುದಿದೆ. ಅದು ಗುಡ್ಡದ ಹೆಸರಲ್ಲ, ಒಂದು ಹಕ್ಕು. ತೋಟಕ್ಕೆ ತಾಗಿದ ಅರಣ್ಯ ಭೂಮಿಯಲ್ಲಿ ಸೊಪ್ಪು ಕಡಿಯಬಹುದು, ದರಕು (ಉದುರಿದ ಒಣ ಎಲೆ) ಗುಡಿಸಬಹುದು, ಅದನ್ನು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡಿ ತೋಟಕ್ಕೆ ಹಾಕಬಹುದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಲೆಕ್ಕ ಮುಂಬಯಿ ಕಾಲದ್ದು. ಭೂಮಿ ಸರ್ಕಾರದ್ದೇ, ಅನುಭವ ತೋಟಿಗರದ್ದು. ಪುತ್ತೂರು, ಸುಳ್ಯದ ಅಡಿಕೆ ಬೆಳೆಗಾರರಿಗೆ ಇದೇ ಅಗತ್ಯಕ್ಕೆ ಇರುವುದು ‘ಕುಮ್ಕಿ’. ಅದು ಮದರಾಸಿನ ಕಾನೂನು. ಅಲ್ಲಿ ತೋಟಕ್ಕೆಷ್ಟು ಎಕರೆ ಎಂಬ ಲೆಕ್ಕವಿಲ್ಲ, ಮೂಲ ವರ್ಗದ (ಸ್ವಂತ ಹಿಡುವಳಿಯ) ಜಮೀನಿನ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ಭೂಮಿ ಎಂಬ ಅಳತೆ. ಒಂದೇ ಅಡಿಕೆ, ಒಂದೇ ಸೊಪ್ಪು, ಎರಡು ಕಾಯಿದೆ. ಎರಡೂ ಕಡೆಯ ಬೆಳೆಗಾರರು ಸಭೆಯಲ್ಲಿ ಸೇರಿದರೆ ಅರ್ಧ ಹೊತ್ತು ಒಬ್ಬರ ಹಕ್ಕನ್ನು ಇನ್ನೊಬ್ಬರಿಗೆ ವಿವರಿಸುವುದರಲ್ಲೇ ಕಳೆಯುತ್ತದೆ.

ರಾಜಕೀಯಕ್ಕೂ ಇದೇ ಎಳೆ ಹೋಗುತ್ತದೆ. ಅಂಕೋಲೆಯನ್ನು ‘ಕರ್ನಾಟಕದ ಬಾರ್ಡೋಲಿ’ ಎನ್ನುತ್ತಾರೆ. ಇದೂ ಗೈಡಿನ ಪ್ರಶ್ನೆಯೇ. ಗುಜರಾತಿನ ತಾಲೂಕೊಂದರ ಹೆಸರು ಅಂಕೋಲೆಗೆ ಅಂಟಿದ್ದು ಬರೀ ಹೊಗಳಿಕೆಗಲ್ಲ. ಬಾರ್ಡೋಲಿಯೂ ಅಂಕೋಲೆಯೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಕಂದಾಯದ ಕಾನೂನು ಒಂದೇ, ಜಪ್ತಿಯ ಕ್ರಮ ಒಂದೇ. 1928ರಲ್ಲಿ ಬಾರ್ಡೋಲಿಯ ರೈತರು ವಲ್ಲಭಭಾಯಿ ಪಟೇಲರ ಮುಂದಾಳತ್ವದಲ್ಲಿ ಗೆದ್ದದ್ದು ಯಾವ ಸರ್ಕಾರದ ವಿರುದ್ಧವೋ ಅದೇ ಸರ್ಕಾರಕ್ಕೆ ಅಂಕೋಲೆಯವರೂ ತೀರ್ವೆ (ಭೂಕಂದಾಯ) ಕಟ್ಟುತ್ತಿದ್ದರು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯಿದೆ ಮುರಿದರು. ಮುಂದೆ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ಬಿಗಿಯಾಯಿತು. ತೀರ್ವೆ ಕಟ್ಟದವರ ಗದ್ದೆ ತೋಟ ಜಪ್ತಾಯಿತು, ಮನೆಯ ಪಾತ್ರೆ ಪಡಗ ಹರಾಜಿಗೆ ಬಂತು. ಹಾಗೆ ಹೋದ ಭೂಮಿಯನ್ನು ಮೂಲ ಒಡೆಯರಿಗೆ ಮರಳಿಸುವ ಕೆಲಸ ನಡೆದದ್ದು 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ.

ದಿನಕರ ದೇಸಾಯಿಯವರನ್ನೂ ಇಲ್ಲಿ ನೆನೆಯಬೇಕು. ಚುಟುಕದ ಕವಿ ಎಂದೇ ಹೆಚ್ಚಿನವರಿಗೆ ಗೊತ್ತು. ಆದರೆ ಅವರು ದುಡಿದದ್ದು ಮುಂಬಯಿಯ ಕಾರ್ಮಿಕರ ನಡುವೆ, ಭಾರತ ಸೇವಕ ಸಮಾಜದಲ್ಲಿ. ಊರಿನ ಗೇಣಿ ರೈತರ ಚಳವಳಿ ಕಟ್ಟಿದ್ದಕ್ಕೆ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತ್ತು. ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಲ್ಲಿ ಶಾಲೆ ತೆರೆದರು. 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು. ಸಿದ್ದಾಪುರ ತಾಲೂಕಿನ ರಾಮಕೃಷ್ಣ ಹೆಗಡೆ 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದದ್ದು ಎಲ್ಲರಿಗೂ ಗೊತ್ತಿರುವುದೇ.

ಹಾಗೆಂದು ಜಿಲ್ಲೆಯ ಕಥೆಯೆಲ್ಲ 1862ರಿಂದ ಶುರುವಾಯಿತು ಎನ್ನಲಾಗದು. ಹತ್ತಿಗೆ ಮೊದಲು ಕಾಳುಮೆಣಸಿತ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕೂ ಘಟ್ಟದಿಂದ ಪಶ್ಚಿಮಕ್ಕೆ ಧುಮುಕಿ, ಸಮುದ್ರ ಸೇರುವ ಮೊದಲು ಕೆಲವು ಹರದಾರಿ ಸಪಾಟಾಗಿ ಹರಿಯುತ್ತವೆ. ಭರತ ಏರಿದಾಗ ದೋಣಿ ಒಳಗೆ ಬರುತ್ತದೆ. ಮೆಣಸು ಎತ್ತಿನ ಮೇಲೆ ಘಟ್ಟ ಇಳಿದು ದೋಣಿ ಹತ್ತುವ ಜಾಗದಲ್ಲಿ ಪೇಟೆ, ಪೇಟೆಗೊಂದು ಕೋಟೆ, ಕೋಟೆಗೊಬ್ಬ ಪಾಳೆಯಗಾರ. ಶರಾವತಿಯಲ್ಲಿ ದೋಣಿ ಹೋಗುವ ಕೊನೆಯ ತಾಣದ ಹತ್ತಿರ ಗೇರುಸೊಪ್ಪೆ. ಅಲ್ಲಿಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಅಘನಾಶಿನಿಯ ಹತ್ತಿರ ಮಿರ್ಜಾನ ಕೋಟೆ. ಕಾಳಿಯ ದಡದ ಹಳೆಯ ಕಾರವಾರದಲ್ಲಿ 1638ರಲ್ಲೇ ಇಂಗ್ಲಿಷರ ಕೋಠಿ, ಎಂದರೆ ವ್ಯಾಪಾರದ ಮಳಿಗೆ. ಬೇಕಾದದ್ದು ಅದೇ ಮೆಣಸು. 1665ರಲ್ಲಿ ಶಿವಾಜಿ ಈ ಕಡೆ ಬಂದಾಗ ಆ ಕೋಠಿಯವರೂ ಕಪ್ಪ ತೆತ್ತರು.

ಧರ್ಮದ ನಕಾಶೆಯನ್ನೂ ಈ ಮೆಣಸಿನ ದುಡ್ಡಿನ ಪಕ್ಕದಲ್ಲಿಟ್ಟು ನೋಡಬೇಕು. ಶಿರಸಿ ಹತ್ತಿರದ ಸೋಂದೆ ಇವತ್ತು ಸಣ್ಣ ಹಳ್ಳಿ. ಅಷ್ಟು ಸಣ್ಣ ಊರಿನ ಆಸುಪಾಸಿನಲ್ಲೇ ಮಾಧ್ವರ ವಾದಿರಾಜ ಮಠ, ಸ್ಮಾರ್ತರ ಸ್ವರ್ಣವಲ್ಲಿ ಮಠ, ದಿಗಂಬರರ ಸ್ವಾದಿ ಜೈನ ಮಠ ಮೂರೂ ಇವೆ. ಕಾರಣ ಸೋಂದೆ ಒಂದು ರಾಜಧಾನಿಯಾಗಿತ್ತು, ಅರಸರ ಖಜಾನೆಗೆ ಮೆಣಸು ಅಡಿಕೆಯ ಸುಂಕ ಬರುತ್ತಿತ್ತು, ಅವರು ಒಂದೇ ಮತಕ್ಕೆ ಕೈ ಚಾಚಿ ಸುಮ್ಮನಾಗಲಿಲ್ಲ. ಕಾಳಿಯ ಮುಖದ ಸದಾಶಿವಗಡವೂ ಇವರದ್ದೇ ಕೋಟೆ. 1760ರ ದಶಕದಲ್ಲಿ ಹೈದರಾಲಿ ಏರಿ ಬಂದಾಗ ಸೋಂದೆಯ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಅವನ ರಾಜ್ಯದ ಫೋಂಡಾ, ಕಾಣಕೋಣಗಳು ಕಾಲಕ್ರಮದಲ್ಲಿ ಪೋರ್ಚುಗೀಸರ ಕೈಸೇರಿದವು. ಕಾರವಾರದಿಂದ ಮಾಜಾಳಿ ದಾಟಿದ ಕೂಡಲೇ ಗೋವಾ ಶುರುವಾಗುವುದಕ್ಕೆ ಕಾರಣ ಇದು. ದಕ್ಷಿಣದ ಗಡಿ ಹತ್ತಿಯಿಂದ, ಉತ್ತರದ ಗಡಿ ಸೋಂದೆಯ ಸೋಲಿನಿಂದ.

ಗೋಕರ್ಣದ ಆತ್ಮಲಿಂಗದ ಕಥೆ ಗೊತ್ತಿಲ್ಲದವರಿಲ್ಲ. ಸಿಟ್ಟಿನ ಭರದಲ್ಲಿ ರಾವಣ ಎಸೆದ ಲಿಂಗದ ಪೆಟ್ಟಿಗೆ, ಮುಚ್ಚಳ, ದಾರ, ವಸ್ತ್ರ ಬಿದ್ದ ಜಾಗಗಳು ಸಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರ್ಡೇಶ್ವರ. ಕಾರವಾರದಿಂದ ಭಟ್ಕಳ ತಾಲೂಕಿನವರೆಗೆ ಇವು ಹರಡಿವೆ. ಭೂಗೋಳದ ಪಾಠದಲ್ಲಿ ಜಿಲ್ಲೆಯ ಕರಾವಳಿ ತಾಲೂಕುಗಳನ್ನು ಉರು ಹೊಡೆಯುವ ಬದಲು ಈ ಪುರಾಣವನ್ನೇ ಹೇಳಿಕೊಡಬಹುದು. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ; 1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದ ಹೊತ್ತಿನಲ್ಲಿ ಅಲ್ಲಿಯ ಕೋಣಬಲಿ ನಿಂತಿತು.

ಇನ್ನು ನಾಟಕಕ್ಕೆ ಮತ್ತೊಮ್ಮೆ ಬರಬೇಕು, ಯಾಕೆಂದರೆ ಇಲ್ಲಿ ನನ್ನ ಹತ್ತಿಯ ವಾದ ಕೈಕೊಡುತ್ತದೆ. ಪ್ರಾಂತ್ಯದ ಗಡಿ ಬದಲಾಗುವ ಇಪ್ಪತ್ತು ವರ್ಷ ಮೊದಲೇ, 1842ರಲ್ಲಿ, ಕನ್ನಡ ನಾಡಿನ ಭಾಗವತರ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ಆಡಿತು. ಅದು ಹೊನ್ನಾವರದ ಕರ್ಕಿಯ ಮೇಳ ಎಂಬುದು ನಮ್ಮ ಯಕ್ಷಗಾನದವರು ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು. ಆಟ ನೋಡಿದ ಸಾಂಗ್ಲಿಯ ಅರಸ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದೊಂದು ಆಗಬೇಕು ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ಪ್ರದರ್ಶನವಾಯಿತು. ಮಹಾರಾಷ್ಟ್ರದಲ್ಲಿ ಇವತ್ತಿಗೂ ಆ ದಿನವೇ ಮರಾಠಿ ರಂಗಭೂಮಿ ದಿನ. ಮದರಾಸಿನ ಜಿಲ್ಲೆಯಿಂದ ಘಟ್ಟ ಹತ್ತಿ ಮರಾಠಿ ಸಂಸ್ಥಾನಕ್ಕೆ ಹೋಗಲು ಆ ಕಲಾವಿದರಿಗೆ ಕಲೆಕ್ಟರರ ಹುಕುಮು ಬೇಕಾಗಲಿಲ್ಲ. ಮೆಣಸು, ಅಡಿಕೆ ಹೋದ ದಾರಿಯಲ್ಲೇ ಚೆಂಡೆ ಮದ್ದಳೆಯೂ ಹೋಗಿರಬೇಕು ಎಂದು ನನ್ನ ಊಹೆ. ಕರ್ಕಿಯಿಂದ ಸ್ವಲ್ಪ ದಕ್ಷಿಣಕ್ಕಿರುವ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ಅದು ಈಗಲೂ ನಡೆಯುತ್ತಿದೆ.

ಬಂದರಾಗಿ ಕಾರವಾರ ಕಂಡ ಕನಸು ಹತ್ತಿಯಿಂದ ಈಡೇರದೆ, ಬೇರೆಯೇ ರೂಪದಲ್ಲಿ ಈಡೇರಿತು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಅದು ಐಎನ್ಎಸ್ ಕದಂಬ ಆಯಿತು. ಕದಂಬರ ರಾಜಧಾನಿ ಬನವಾಸಿ ಇರುವುದು ಶಿರಸಿ ತಾಲೂಕಿನ ಪೂರ್ವದಂಚಿನಲ್ಲಿ, ವರದಾ ದಡದಲ್ಲಿ. ಜಿಲ್ಲೆಯ ದೊಡ್ಡ ನದಿಗಳೆಲ್ಲ ಪಶ್ಚಿಮಕ್ಕೆ ಹರಿದರೆ ವರದೆ ಪೂರ್ವಕ್ಕೆ ತಿರುಗಿ ತುಂಗಭದ್ರೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅರಬ್ಬಿ ಸಮುದ್ರದ ನೌಕಾನೆಲೆಗೆ ಬಂಗಾಳ ಕೊಲ್ಲಿಗೆ ಹರಿಯುವ ನೀರಿನ ರಾಜಧಾನಿಯಿಂದ ಹೆಸರು ಬಂತು.

ನೌಕಾನೆಲೆಯ ಎದುರಿಗೇ, ಬಿಣಗಾ ಕಡೆಯಿಂದ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಅಂಜದೀವ ದ್ವೀಪವಿದೆ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದ್ದರು. ಪೋರ್ಚುಗೀಸ್ ರಾಜಕುಮಾರಿಯ ವರದಕ್ಷಿಣೆಯಾಗಿ ಮುಂಬಯಿ ಇಂಗ್ಲೆಂಡಿನ ದೊರೆಗೆ ಬಂತಲ್ಲ, ಅದನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಅಬ್ರಹಾಂ ಶಿಪ್‌ಮನ್‌ಗೆ ಅಲ್ಲಿಯ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಇಳಿಯಲು ಬೇರೆ ನೆಲವಿಲ್ಲದೆ ಅವನು ತನ್ನ ಪಡೆಯೊಂದಿಗೆ ಅಂಜದೀವಕ್ಕೆ ಬಂದು ಬೀಡುಬಿಟ್ಟ. ಮಳೆ, ಜ್ವರ, ಭೇದಿಗೆ ನೂರಾರು ಸೈನಿಕರು ಸತ್ತರು. 1664ರಲ್ಲಿ ಶಿಪ್‌ಮನ್ನೂ ಅಲ್ಲೇ ತೀರಿಕೊಂಡ. ಅಳಿದುಳಿದವರು 1665ರಲ್ಲಿ ಮುಂಬಯಿಗೆ ಹೋಗಿ ಅದನ್ನು ವಶಪಡಿಸಿಕೊಂಡರು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ಈ ದ್ವೀಪ ಹಿಡಿಯುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಈಗ ಅದು ನೌಕಾಪಡೆಯ ಸುಪರ್ದಿಯಲ್ಲಿದೆ, ಜನಸಾಮಾನ್ಯರು ಹೋಗುವಂತಿಲ್ಲ. ನಿಂತು ನೋಡುವುದು ಕಾರವಾರದ ದಡದಿಂದಲೇ ಆದರೂ, ಆಡಳಿತದ ಲೆಕ್ಕದಲ್ಲಿ ಅಂಜದೀವ ದಕ್ಷಿಣ ಗೋವಾ ಜಿಲ್ಲೆಗೆ ಸೇರಿದ್ದು.